ದಮ್‌ದಮ್ ದಿಬ್ಬದ ಕೆಳಗೆ ಯಾರಿದ್ದರು?



ಇಲ್ಲಿ ಕೂತಿರೋ ನಮ್ಮಲ್ಲಿ ಹೆಚ್ಚಿನವರಿಗೆ ಕೋಲ್ಕತ್ತಾದ ಮೊದಲ ಪರಿಚಯ ಅಂದ್ರೆ ದಮ್‌ದಮ್. ಬೆಂಗಳೂರಿನ ಫ್ಲೈಟ್ ಇಳಿಯೋದೇ ಅಲ್ಲಿ. ಇಳಿದವರು ಟ್ಯಾಕ್ಸಿ ಹಿಡಿದು ಸೆಕ್ಟರ್ ಫೈವ್ ಕಡೆಗೋ ನ್ಯೂ ಟೌನ್ ಕಡೆಗೋ ಹೋಗಿಬಿಡ್ತೀವಿ. ನಾನು ಮಾತ್ರ ಬಾಡಿಗೆ ಕಮ್ಮಿ ಅಂತ ದಮ್‌ದಮ್‌ನಲ್ಲೇ, ನಾಗೇರ್‌ಬಜಾರ್ ಹತ್ತಿರ ಮನೆ ಹಿಡಿದೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ, ರಾಷ್ಟ್ರಗುರು ಅವೆನ್ಯೂದಲ್ಲಿ, ಒಂದು ಪಾಳು ಬಂಗಲೆ ಇದೆ. ಗೋಡೆ ಸೀಳಿಕೊಂಡು ಮರದ ಬೇರು ಇಳಿದಿದೆ. ಜನ ಅದನ್ನ ಕ್ಲೈವ್ ಹೌಸ್ ಅಂತಾರೆ. ಇವತ್ತಿನ ಮಾತು ಆ ಮನೆ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ಅದು ನಿಂತಿರೋ ದಿಬ್ಬದ ಬಗ್ಗೆ.

ರಾಬರ್ಟ್ ಕ್ಲೈವ್ ಅಂದ್ರೆ 1757, ಪ್ಲಾಸಿ ಕದನ. ಇಷ್ಟು ಶಾಲೆಯಲ್ಲಿ ಓದಿದ್ದೀವಿ. ಆದರೆ 1744ರಲ್ಲಿ ಮದ್ರಾಸಿಗೆ ಬಂದಿಳಿದಾಗ ಅವನು 18 ವರ್ಷದ ಹುಡುಗ, ಈಸ್ಟ್ ಇಂಡಿಯಾ ಕಂಪನಿಯಲ್ಲಿ ಲೆಕ್ಕಪತ್ರ ಬರೆಯೋ ಗುಮಾಸ್ತ. ನಮ್ಮ ಮಾತಲ್ಲಿ ಹೇಳೋದಾದ್ರೆ ಫ್ರೆಷರ್. ಪ್ಲಾಸಿ ಗೆದ್ದ ಮೇಲೆ ಬ್ಯಾರನ್ ಪದವಿ ಸಿಕ್ಕಿ ಲಾರ್ಡ್ ಕ್ಲೈವ್ ಆದ. ದಮ್‌ದಮ್‌ನ ಈ ಬಂಗಲೆಯನ್ನ ಊರಾಚೆಯ ವಿಹಾರದ ಮನೆ ಮಾಡಿಕೊಂಡ. ಆದರೆ ಅದು ಅವನು ಕಟ್ಟಿಸಿದ್ದಲ್ಲ. ಮನೆ ಅವನಿಗಿಂತ ಮೊದಲೇ ಅಲ್ಲಿತ್ತು. ಅವನು ರಿಪೇರಿ ಮಾಡಿಸಿ ದೊಡ್ಡದು ಮಾಡಿಕೊಂಡ, ಹೆಸರು ಅವನದೇ ಉಳೀತು. ಕೋಡ್ ಬರೆಯೋರಿಗೆ ಇದು ಗೊತ್ತಿರೋ ಕಥೆನೇ. ಗಿಟ್ ಬ್ಲೇಮ್ ಹಾಕಿ ನೋಡಿ. ಆ ಸಾಲನ್ನ ಕೊನೆಗೆ ಮುಟ್ಟಿದವನ ಹೆಸರು ಬರುತ್ತೆ, ಮೊದಲು ಬರೆದವನದ್ದಲ್ಲ.

ಈಗ ದಿಬ್ಬಕ್ಕೆ ಬರೋಣ. ದಮ್‌ದಮಾ ಅಂದ್ರೆ ಎತ್ತರಿಸಿದ ಮಣ್ಣಿನ ದಿಬ್ಬ, ಫಿರಂಗಿ ಇಡೋ ಗುಡ್ಡೆ. ಊರಿನ ಹೆಸರು ಆ ಪದದಿಂದಲೇ ಬಂತು ಅನ್ನೋ ವಿವರಣೆ ಇದೆ. ಕೋಲ್ಕತ್ತಾದ ನೆಲ ನೋಡಿದ್ದೀರಲ್ಲ, ಅಂಗೈ ಥರ ಸಪಾಟು. ಗಂಗೆ ತಂದು ಹಾಸಿದ ಮೆಕ್ಕಲು ಮಣ್ಣು. ಇಂಥ ಕಡೆ ಒಂದು ದಿಬ್ಬ ಇದೆ ಅಂದ್ರೆ ಅದು ತಾನಾಗಿ ಎದ್ದಿದ್ದಲ್ಲ, ಮನುಷ್ಯರ ಕೈವಾಡ ಅಂತಲೇ ಲೆಕ್ಕ.

ನಮ್ಮೂರು ಹಾವೇರಿ ಜಿಲ್ಲೆ. ಊರ ಪಕ್ಕ ಒಂದು ಹಾಳೂರ ದಿಬ್ಬ ಇತ್ತು. ಲಗೋರಿ ಆಡೋಕೆ ಬೋಕಿ ಬೇಕಾದಾಗ ಅಲ್ಲಿಗೇ ಓಡ್ತಿದ್ವಿ. ಕಾಲಲ್ಲಿ ಕೆದಕಿದ್ರೆ ಸಾಕು, ಕಪ್ಪು, ಕೆಂಪು ಮಡಕೆ ಚೂರು ಎದ್ದು ಬರ್ತಿದ್ವು. ಯಾರ ಮಡಕೆ ಅಂತ ಒಂದು ದಿನವೂ ಕೇಳಲಿಲ್ಲ. ಇಂಥ ದಿಬ್ಬ ಹೇಗೆ ಬೆಳೆಯುತ್ತೆ ಗೊತ್ತಾ? ಮಣ್ಣಿನ ಗೋಡೆ ಮಳೆಗೆ ಕುಸಿಯುತ್ತೆ. ಬಿದ್ದ ಮಣ್ಣನ್ನ ಯಾರೂ ಹೊತ್ತು ಹಾಕಲ್ಲ, ಅಲ್ಲೇ ಮಟ್ಟ ಮಾಡಿ ಮೇಲೆ ಹೊಸ ಮನೆ ಕಟ್ತಾರೆ. ಒಲೆ ಬೂದಿ, ಒಡೆದ ಗಡಿಗೆ, ಮೂಳೆ, ಎಲ್ಲ ಕೆಳಗೇ ಉಳಿಯುತ್ತೆ. ನೂರಾರು ವರ್ಷ ಹೀಗೇ ನಡೆದರೆ ನೆಲ ಆಳೆತ್ತರ ಏರಿಬಿಡುತ್ತೆ. ಹಾಗಾಗಿ ಅಗೆಯೋರು ಮೇಲಿನಿಂದ ಪದರ ಪದರವಾಗಿ ಇಳೀತಾರೆ. ನಡುವೆ ಯಾರೂ ಗುಂಡಿ ತೋಡಿ ಕಲಸದೇ ಇದ್ದರೆ, ಕೆಳಗಿನ ಪದರ ಹಳೇದು, ಮೇಲಿನದು ಹೊಸದು.

ಕ್ಲೈವ್ ಹೌಸ್ ಆವರಣದಲ್ಲಿ 2001ರಿಂದ 2003ರ ನಡುವೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಉತ್ಖನನ ಮಾಡಿತು. ಸಾಹೇಬರ ಬಂಗಲೆಯ ಕೆಳಗೆ ಕಂಪನಿಗಿಂತ, ನವಾಬರಿಗಿಂತ ಬಹಳ ಹಿಂದಿನ ವಸತಿಯ ಗುರುತು ಸಿಕ್ಕವು. ಮಡಕೆ ಚೂರು, ಸುಟ್ಟ ಮಣ್ಣಿನ ಗೊಂಬೆ, ಮಣಿ, ಇಂಥವು. ಕೆಳಗಿನ ಪದರಗಳ ಕಾಲ ಕ್ರಿ.ಪೂ. 2ನೇ ಶತಮಾನದವರೆಗೆ ಹೋಗುತ್ತೆ. ಅಂದ್ರೆ ಕ್ಲೈವ್ ಬರೋದಕ್ಕೆ ಸುಮಾರು 1,900 ವರ್ಷ ಮೊದಲೇ ಇಲ್ಲಿ ಯಾರೋ ಅನ್ನ ಬೇಯಿಸಿಕೊಂಡಿದ್ದರು, ಮಕ್ಕಳನ್ನ ಆಡಿಸ್ತಿದ್ದರು.

ಇದು ಒಂಟಿ ಊರೂ ಅಲ್ಲ. ಇಲ್ಲಿಂದ ಈಶಾನ್ಯಕ್ಕೆ, ಬೇಡಾಚಾಂಪಾ ಹತ್ತಿರ ಚಂದ್ರಕೇತುಗಢ ಇದೆ. ಕಲ್ಕತ್ತಾ ವಿಶ್ವವಿದ್ಯಾಲಯದ ಆಶುತೋಷ್ ಮ್ಯೂಸಿಯಂನವರು 1956ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಅಗೆದರು. ಅದೇ ಕಾಲದ ಸುಟ್ಟ ಮಣ್ಣಿನ ಫಲಕಗಳಿಗೆ ಆ ಜಾಗ ಹೆಸರುವಾಸಿ.

ದೊಡ್ಡವರ ಮನೆ ಹುಡುಕಿ ಅಗೆದಾಗ ಸಣ್ಣವರ ಊರು ಸಿಗೋದು ಇಲ್ಲಿ ಮಾತ್ರ ಅಲ್ಲ. ಇಂಗ್ಲೆಂಡಿನ ಸರ್ರೆಯಲ್ಲಿ 1538ರಲ್ಲಿ ಟ್ಯೂಡರ್ ದೊರೆ ಎಂಟನೇ ಹೆನ್ರಿ ನಾನ್‌ಸಚ್ ಅನ್ನೋ ಅರಮನೆ ಕಟ್ಟಿಸೋಕೆ ಶುರು ಮಾಡಿದ. ಮುಂದೆ 1680ರ ದಶಕದಲ್ಲಿ ಅದನ್ನ ಕೆಡವಿ ಸಾಮಾನು ಮಾರಿಬಿಟ್ಟರು. ಕಾಲಕ್ರಮೇಣ ಅರಮನೆ ಇದ್ದ ಜಾಗವೇ ಜನರಿಗೆ ಮರೆತುಹೋಯ್ತು. 1959ರಲ್ಲಿ ಅಗೆದು ಅಡಿಪಾಯ ಹುಡುಕಿದಾಗ, ಅರಮನೆಯ ಅಂಗಳದ ಕೆಳಗೆ ಒಂದು ಚರ್ಚಿನ ಅಡಿಪಾಯ ಬಂತು. ಅದು ಕಡಿಂಗ್ಟನ್ ಅನ್ನೋ ಹಳ್ಳಿಯ ಚರ್ಚು. ಅರಮನೆಗೆ ಜಾಗ ಬೇಕು ಅಂತ ದೊರೆ ಆ ಹಳ್ಳಿಯನ್ನೇ ಎತ್ತಿಸಿಬಿಟ್ಟಿದ್ದ.

ಇತ್ತ ಕೋಲ್ಕತ್ತಾದಲ್ಲಿ ಊರಿನ ಹುಟ್ಟಿನ ಪ್ರಶ್ನೆ ಕೋರ್ಟಿಗೇ ಹೋಯ್ತು. ಕಂಪನಿಯ ಜಾಬ್ ಚಾರ್ನಾಕ್ 1690ರ ಆಗಸ್ಟ್ 24ರಂದು ಸುತಾನುಟಿಯಲ್ಲಿ ಇಳಿದ, ಅದೇ ನಗರದ ಹುಟ್ಟುಹಬ್ಬ ಅಂತ ಬಹಳ ಕಾಲ ನಡೆದುಬಂದಿತ್ತು. ಆದರೆ ಕಂಪನಿ ಸುತಾನುಟಿ, ಕಲಿಕಾತಾ, ಗೋಬಿಂದಪುರ ಅನ್ನೋ ಮೂರು ಹಳ್ಳಿಗಳ ಹಕ್ಕನ್ನ ಸಾಬರ್ಣ ರಾಯ್ ಚೌಧುರಿ ಜಮೀನ್ದಾರರಿಂದ 1,300 ರೂಪಾಯಿಗೆ ಬರೆಸಿಕೊಂಡಿದ್ದು 1698ರಲ್ಲಿ. ಅಂದ್ರೆ ಕಾಗದ ಆಗೋ ಮುಂಚೆ ಹಳ್ಳಿ ಇತ್ತು, ಹೆಸರಿತ್ತು, ಕಂದಾಯ ಕಟ್ಟೋ ಜನ ಇದ್ದರು. ಅದೇ ಮನೆತನದವರು ಕಲ್ಕತ್ತಾ ಹೈಕೋರ್ಟಿಗೆ ಹೋದರು. ತಜ್ಞರ ಸಮಿತಿಯ ವರದಿ ಪಡೆದ ಕೋರ್ಟು 2003ರಲ್ಲಿ ಹೇಳಿತು: ಚಾರ್ನಾಕ್ ಈ ನಗರದ ಸ್ಥಾಪಕ ಅಲ್ಲ, ಇದಕ್ಕೆ ಹುಟ್ಟಿದ ದಿನ ಅಂತ ಒಂದಿಲ್ಲ.

ಈ ಕಥೆ ನನಗೆ ತಟ್ಟಿದ್ದು ನನ್ನ ಮಗಳಿಂದ. ಅವಳ ಶಾಲೆಯ ಪ್ರಾಜೆಕ್ಟಲ್ಲಿ ಕೋಲ್ಕತ್ತಾ ಕಟ್ಟಿದವನು ಚಾರ್ನಾಕ್ ಅಂತ ಬರೆದಿದ್ದಳು. ನಾನು ದೊಡ್ಡದಾಗಿ ಮೇಲಿಂದೆಲ್ಲ ಹೇಳಿ ತಿದ್ದಿದೆ. ಅವಳು ಕೇಳಿದ್ಲು, "ಹಾಗಾದ್ರೆ ಅಪ್ಪಾ, ಬೆಂಗಳೂರು ಯಾವಾಗ ಶುರು ಆಯ್ತು?" ನನ್ನ ಬಾಯಿಗೆ ಥಟ್ಟಂತ ಬಂದಿದ್ದು 1537, ಕೆಂಪೇಗೌಡರು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಕೆಂಪೇಗೌಡರು ಕೋಟೆ ಪೇಟೆ ಕಟ್ಟಿದ್ದು ನಿಜ, ಅದು ದೊಡ್ಡ ಕೆಲಸವೇ. ಆದರೆ ಎಲೆಕ್ಟ್ರಾನಿಕ್ ಸಿಟಿಗೆ ಹೋಗೋ ದಾರಿಯ ಪಕ್ಕದ ಬೇಗೂರಿನ ಶಾಸನದಲ್ಲಿ 'ಬೆಂಗಳೂರು ಕಾಳಗ'ದ ಮಾತಿದೆ. ಅದು ಸುಮಾರು ಕ್ರಿ.ಶ. 900ರದ್ದು. ಹೆಬ್ಬಾಳದ ಕಿತ್ತಯ್ಯನ ಶಾಸನ ಇನ್ನೂ ಹಿಂದಿನದು, ಸುಮಾರು 750. ಎಚ್‌ಎಎಲ್ ಹತ್ತಿರ 1965ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳೇ ಸಿಕ್ಕಿವೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಬೆಂಗಳೂರಲ್ಲಿ ಕೆಲಸ ಮಾಡುವಾಗ ಬೇರೆ ರಾಜ್ಯದವರನ್ನ ಕಂಡ್ರೆ, "ಇವರೆಲ್ಲ ನಿನ್ನೆ ಮೊನ್ನೆ ಬಂದೋರು" ಅಂತ ಕ್ಯಾಂಟೀನಲ್ಲಿ ನಾನೂ ಆಡಿದ್ದೀನಿ. ನಾನೇ ಹಾವೇರಿಯಿಂದ ಬಸ್ಸು ಹತ್ತಿ ಬಂದು ಆರು ವರ್ಷ ಆಗಿತ್ತಷ್ಟೇ. ಭಾಷೆ ಕಲೀರಿ ಅಂತ ಕೇಳೋದು ತಪ್ಪಲ್ಲ. ಅದನ್ನ ಈಗಲೂ ಹೇಳ್ತೀನಿ, ನಾನೂ ಬಾಂಗ್ಲಾ ಕಲೀತಾ ಇದ್ದೀನಿ. ತಪ್ಪಾಗಿದ್ದು, ಮೊದಲು ಬಂದವನು ನಾನೇ ಅಂದುಕೊಂಡಿದ್ದು.

ನಮ್ಮ ಮನೆ ಓನರ್‌ನ ನಾವು ಮಾಶಿಮಾ ಅಂತೀವಿ. ಬಂದ ಹೊಸದರಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ, "ತೊಮಾರ್ ದೇಶ್ ಕೊಥಾಯ್?" ದೇಶ ಅಂದ್ರೆ ಅವರ ಮಾತಲ್ಲಿ ಹುಟ್ಟೂರು. ನಾನು ಹಾವೇರಿ ಅಂದೆ. ಅವರು ತಮ್ಮದು ಬರಿಸಾಲ್ ಅಂದ್ರು. ಈಗ ಬಾಂಗ್ಲಾದೇಶದಲ್ಲಿದೆ. ಅವರು ಕೈಗೂಸಾಗಿದ್ದಾಗ ದಾಟಿ ಬಂದಿದ್ದು, ಊರು ನೆನಪೇ ಇಲ್ಲ, ಆದರೂ ದೇಶ ಅದೇ. ದೇಶ ವಿಭಜನೆಯಾದ ಮೇಲೆ ಹಾಗೆ ಬಂದ ಕೆಲವು ಕುಟುಂಬಗಳು ಕ್ಲೈವ್ ಹೌಸ್‌ನಲ್ಲೇ ಒಲೆ ಹೂಡಿ ಸಂಸಾರ ಮಾಡಿದವು. ಲಾರ್ಡ್ ಸಾಹೇಬನ ಬಂಗಲೆಯ ಮೇಲಿನ ಪದರ ಅದು. ಮುಂದೆ ಯಾರಾದರೂ ಅಗೆದರೆ ಅವರ ಬಳೆ ಚೂರು, ಸ್ಟೀಲ್ ಚಮಚ ಸಿಕ್ಕೀತು. ಅದನ್ನೂ ಅಷ್ಟೇ ಜೋಪಾನವಾಗಿ ಎತ್ತಿಡಬೇಕು.

ಮಗಳ ಪ್ರಾಜೆಕ್ಟಲ್ಲಿ ಕೊನೆಗೆ "ಇಲ್ಲಿ ಮೊದಲು ಯಾರಿದ್ದರೋ ಅವರ ಹೆಸರು ಸಿಕ್ಕಿಲ್ಲ" ಅಂತ ಬರೆದೆವು. ಟೀಚರ್ ಅದಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸಿದ್ದಾರೆ. ಇರಲಿ. ನೀವು ಮುಂದಿನ ಸಲ ಏರ್‌ಪೋರ್ಟಿಗೆ ಹೋಗುವಾಗ ಒಂದು ಗಂಟೆ ಮೊದಲೇ ಹೊರಡಿ, ನಾಗೇರ್‌ಬಜಾರಲ್ಲಿ ಇಳಿದು ಫೋನ್ ಮಾಡಿ. ದಿಬ್ಬ ತೋರಿಸ್ತೀನಿ, ಆಮೇಲೆ ನಮ್ಮನೇಲಿ ಒಂದು ಲೋಟ ಕಾಫಿ ಕುಡಿದು ಹೋಗಿ.