ಕ್ಯಾನ್ಸರ್ ಚಿಕಿತ್ಸೆಗೆ ಮೊದಲು ಹಲ್ಲು ತೋರಿಸಿ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)



ನಾನು ವೈದ್ಯಳಲ್ಲ. ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಆದರೂ ಕ್ಯಾನ್ಸರ್ ಮತ್ತು ಹಲ್ಲಿನ ಬಗ್ಗೆ ಮಾತನಾಡಲು ನಿಂತಿದ್ದೇನೆ. ಇದಕ್ಕೆ ಕಾರಣ ನನ್ನದೇ ಒಂದು ತಪ್ಪು. ಅದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಖಾಲಾಗೆ ಕೆನ್ನೆಯ ಒಳಭಾಗದಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. ಎಲೆ, ಅಡಿಕೆ, ಕಡ್ಡಿಪುಡಿ ಅವರಿಗೆ ಇಪ್ಪತ್ತು ವರ್ಷಗಳ ಅಭ್ಯಾಸ. ಶಸ್ತ್ರಚಿಕಿತ್ಸೆ ಆಯಿತು. ನಂತರ ಆರು ವಾರ ವಿಕಿರಣ ಕೊಡಬೇಕೆಂದರು. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವಳು ನಾನೊಬ್ಬಳೇ ಆದ್ದರಿಂದ ಕಾಗದಪತ್ರಗಳೆಲ್ಲ ನನ್ನ ಕೈಯಲ್ಲಿದ್ದವು. ಅದರಲ್ಲಿ ಒಂದು ಚೀಟಿಯ ಮೇಲೆ, ವಿಕಿರಣಕ್ಕೆ ಮೊದಲು ದಂತ ವೈದ್ಯರಿಗೆ ತೋರಿಸಿ ಎಂದು ಬರೆದಿತ್ತು. ಮಕ್ಕಳ ಉತ್ತರಪತ್ರಿಕೆಯಲ್ಲಿ ಒಂದು ಅಕ್ಷರ ತಪ್ಪಿದರೂ ಕೆಂಪು ಗೆರೆ ಎಳೆಯುವ ನಾನು ಆ ಚೀಟಿಯನ್ನು ಓದಿದೆ, ಮಡಚಿದೆ, ಪ್ಲಾಸ್ಟಿಕ್ ಕವರಿನೊಳಗೆ ಇಟ್ಟೆ. ಜೀವದ ಪ್ರಶ್ನೆ ಇರುವಾಗ ಹಲ್ಲಿನ ಚಿಂತೆ ಯಾಕೆ ಎಂದುಕೊಂಡೆ.

ಅಲ್ಲಾಹನ ಕೃಪೆಯಿಂದ ಕ್ಯಾನ್ಸರ್ ಗುಣವಾಯಿತು. ಎರಡು ವರ್ಷಗಳ ನಂತರ ಖಾಲಾಗೆ ಕೆಳದವಡೆಯ ಹಲ್ಲು ನೋವು ಬಂತು. ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋಗಿ ಕೀಳಿಸಿಕೊಂಡು ಬಂದರು. ವಿಕಿರಣ ಪಡೆದ ವಿಷಯವನ್ನು ಅಲ್ಲಿ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಕಿತ್ತ ಜಾಗ ತಿಂಗಳಾದರೂ ಮಾಯಲಿಲ್ಲ. ಒಳಗಿನ ಮೂಳೆ ಹೊರಗೆ ಕಾಣತೊಡಗಿತು. ಕೊನೆಗೆ ದವಡೆಯ ಒಂದು ತುಂಡನ್ನೇ ತೆಗೆಯಬೇಕಾಯಿತು. ಇಂದು ಈದ್ ದಿನ ಮನೆಮಂದಿಯೆಲ್ಲ ಶೀರ್ ಖುರ್ಮಾ ಕುಡಿಯುವಾಗ ಅವರು ಖರ್ಜೂರ, ಬಾದಾಮಿ ಸೋಸಿ ತೆಗೆದ ಹಾಲನ್ನಷ್ಟೇ ಕುಡಿಯುತ್ತಾರೆ. ಅವರು ನನ್ನನ್ನು ಒಂದು ದಿನವೂ ದೂರಿಲ್ಲ. ಆದರೆ ಆ ಲೋಟ ನೋಡಿದಾಗಲೆಲ್ಲ ನನಗೆ ಆ ಚೀಟಿ ನೆನಪಾಗುತ್ತದೆ.

ಹೀಗೇಕೆ ಆಯಿತು ಎಂದು ಆಮೇಲೆ ವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡೆ. ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ವಿಕಿರಣ ಬಾಯಿಗೆ ಏನು ಮಾಡುತ್ತದೆ?

ಬಾಯಿ, ಗಂಟಲು, ಕುತ್ತಿಗೆಯ ಭಾಗಕ್ಕೆ ವಿಕಿರಣ ಕೊಟ್ಟಾಗ ಕ್ಯಾನ್ಸರ್ ಕಣಗಳ ಜೊತೆಗೆ ಜೊಲ್ಲು ಸುರಿಸುವ ಗ್ರಂಥಿಗಳಿಗೂ ಪೆಟ್ಟು ಬೀಳುತ್ತದೆ. ಆರೋಗ್ಯವಂತರಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಜೊಲ್ಲು ಉತ್ಪತ್ತಿಯಾಗುತ್ತದೆ. ಅದು ಆಹಾರದ ಕಣಗಳನ್ನು ತೊಳೆಯುತ್ತದೆ, ಆಮ್ಲವನ್ನು ತಣಿಸುತ್ತದೆ, ಹಲ್ಲಿಗೆ ಖನಿಜಾಂಶ ಒದಗಿಸುತ್ತದೆ. ಜೊಲ್ಲು ಒಣಗಿದರೆ ಈ ಕಾವಲು ಹೋದಂತೆ. ಆಗ ಒಸಡಿನ ಅಂಚಿನಲ್ಲಿ ಹುಳುಕು ಶುರುವಾಗಿ, ಗಟ್ಟಿಯಾಗಿದ್ದ ಹಲ್ಲುಗಳೂ ಕೆಲವೇ ತಿಂಗಳಲ್ಲಿ ಮುರಿದು ಬೀಳಬಹುದು.

ಎರಡನೆಯದು ಮೂಳೆಯ ವಿಷಯ. ವಿಕಿರಣ ತಾಗಿದ ದವಡೆಯ ಮೂಳೆಯಲ್ಲಿ ರಕ್ತನಾಳಗಳು ಸೊರಗುತ್ತವೆ. ಮೊದಲೇ ರಕ್ತಸಂಚಾರ ಕಡಿಮೆಯಿರುವ ಕೆಳದವಡೆಯಲ್ಲಿ ಇದು ಹೆಚ್ಚು. ಅಂತಹ ಕಡೆ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆ ಸಾಯಬಹುದು. ಎಲ್ಲರಿಗೂ ಹೀಗಾಗುತ್ತದೆ ಎಂದಲ್ಲ. ಆದರೆ ಈ ಅಪಾಯ ವರ್ಷ ಕಳೆದಂತೆ ಮುಗಿದುಹೋಗುವುದಿಲ್ಲ, ಜೀವನಪರ್ಯಂತ ಇರುತ್ತದೆ.

ಇದಕ್ಕೆ ಮದ್ದು ಎಂದರೆ ಮುಂಜಾಗ್ರತೆ. ಉಳಿಸಲಾಗದ ಹಲ್ಲನ್ನು ವಿಕಿರಣ ಆರಂಭಕ್ಕೆ ಎರಡು ಮೂರು ವಾರ ಮೊದಲೇ ತೆಗೆಸಿ ಗಾಯ ಮಾಯಲು ಬಿಡಬೇಕು. ಉಳಿಯುವ ಹಲ್ಲಿನ ಹುಳುಕು ತುಂಬಿಸಬೇಕು, ಪಾಚಿ ತೆಗೆಸಬೇಕು. ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಇದೆ. ಅದು ಬರೀ ಭಯ. ಹಲ್ಲಿನ ನರಕ್ಕೂ ಕಣ್ಣಿನ ದೃಷ್ಟಿಯ ನರಕ್ಕೂ ಸಂಬಂಧವಿಲ್ಲ.

ಔಷಧಿ ಚಿಕಿತ್ಸೆಯಲ್ಲಿಯೂ ಎಚ್ಚರ

ಕಿಮೋಥೆರಪಿ ಪಡೆಯುವವರ ತೊಂದರೆ ಬೇರೆ. ಆ ಔಷಧಿಗಳಿಂದ ಬಾಯಿಯ ಪೊರೆ ತೆಳುವಾಗಿ ಹುಣ್ಣುಗಳಾಗುತ್ತವೆ. ರಕ್ತದಲ್ಲಿ ಬಿಳಿ ಕಣಗಳು ಇಳಿದಾಗ ಹಲ್ಲಿನ ಬೇರಿನಲ್ಲಿದ್ದ ಸಣ್ಣ ಕೀವು ಇಡೀ ಮೈಗೆ ಹರಡಬಹುದು. ಪ್ಲೇಟ್‌ಲೆಟ್ ಇಳಿದಾಗ ಒಸಡಿನಿಂದ ರಕ್ತ ನಿಲ್ಲದೆ ಬರಬಹುದು. ಆದ್ದರಿಂದ ಚಿಕಿತ್ಸೆಯ ನಡುವೆ ಹಲ್ಲಿನ ಯಾವುದೇ ಕೆಲಸವನ್ನು ಕ್ಯಾನ್ಸರ್ ವೈದ್ಯರನ್ನು ಕೇಳಿ, ರಕ್ತ ಪರೀಕ್ಷೆಯ ವರದಿ ನೋಡಿಯೇ ಮಾಡಿಸಬೇಕು. ರಕ್ತದ ಕ್ಯಾನ್ಸರ್ ಇರುವ ಮಕ್ಕಳ ವಿಷಯದಲ್ಲೂ ಇದೇ ನಿಯಮ.

ಸ್ತನ ಕ್ಯಾನ್ಸರ್ ಮೂಳೆಗೆ ಹರಡಿದಾಗ ಮೂಳೆ ಗಟ್ಟಿಯಾಗಲು ಜೋಲೆಡ್ರಾನಿಕ್ ಆಮ್ಲದಂತಹ ಇಂಜೆಕ್ಷನ್ ಕೊಡುತ್ತಾರೆ. ಇಂತಹ ಔಷಧಿ ಪಡೆದವರಲ್ಲಿ ಹಲ್ಲು ಕಿತ್ತ ನಂತರ ದವಡೆಯ ಮೂಳೆ ಸಾಯುವುದನ್ನು ವೈದ್ಯರು 2003ರಲ್ಲಿ ಮೊದಲ ಬಾರಿಗೆ ವರದಿ ಮಾಡಿದರು. ಕ್ಯಾನ್ಸರ್ ಬಾಯಿಯಲ್ಲಿ ಇಲ್ಲದಿದ್ದರೂ ಹಲ್ಲು ತೋರಿಸಬೇಕು ಎನ್ನುವುದು ಇದಕ್ಕಾಗಿಯೇ.

ಮನೆಯಲ್ಲಿ ಏನು ಮಾಡಬೇಕು?

ಅತಿ ಮೃದುವಾದ ಬ್ರಷ್ ಮತ್ತು ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆ ಎರಡು ಬಾರಿಯಾದರೂ ಹಲ್ಲುಜ್ಜಿ. ಮಿಸ್ವಾಕ್ ನಮಗೆ ಪ್ರಿಯವಾದುದು, ಆದರೆ ಬಾಯಲ್ಲಿ ಹುಣ್ಣಿರುವಾಗ, ಪ್ಲೇಟ್‌ಲೆಟ್ ಇಳಿದಿರುವಾಗ ಅದರ ಗಟ್ಟಿ ನಾರು ಗಾಯ ಮಾಡುತ್ತದೆ. ಗುಣವಾಗುವವರೆಗೆ ಅದನ್ನು ಬದಿಗಿಡಿ. ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ, ತಂಬಾಕಿನ ಪುಡಿ ಬೇಡವೇ ಬೇಡ.

ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಅದರ ಅರ್ಧದಷ್ಟು ಉಪ್ಪು ಹಾಕಿ ದಿನಕ್ಕೆ ಹಲವು ಬಾರಿ ಬಾಯಿ ಮುಕ್ಕಳಿಸಿ. ನಂತರ ಬರೀ ನೀರಿನಿಂದ ತೊಳೆಯಿರಿ. ಇದಕ್ಕೆ ಖರ್ಚು ಇಲ್ಲವೆಂದೇ ಹೇಳಬಹುದು. ಅಂಗಡಿಯಲ್ಲಿ ಸಿಗುವ ಆಲ್ಕೋಹಾಲ್ ಬೆರೆಸಿದ ಮೌತ್‌ವಾಷ್ ಬಾಯಿಯನ್ನು ಇನ್ನಷ್ಟು ಒಣಗಿಸುತ್ತದೆ. ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಿರಿ. ಬಾಯಿ ಒಣಗುತ್ತದೆಂದು ಸಕ್ಕರೆ ಮಿಠಾಯಿ ಚೀಪಬೇಡಿ, ಅದು ಹುಳುಕಿಗೆ ಆಹ್ವಾನ. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದಿಡಿ.

ಬಾಯಿಗೆ ವಿಕಿರಣ ಪಡೆದವರಿಗೆ ದಂತ ವೈದ್ಯರು ಫ್ಲೋರೈಡ್ ಜೆಲ್ ಬರೆದುಕೊಡುತ್ತಾರೆ. ಅದನ್ನು ಅವರು ಹೇಳಿದಷ್ಟು ಕಾಲ ತಪ್ಪದೆ ಹಚ್ಚಬೇಕು. ದವಡೆ ಬಿಗಿದು ಬಾಯಿ ತೆರೆಯುವುದು ಕಷ್ಟವಾಗಬಹುದು. ಅದಕ್ಕೆ ಅವರು ಕಲಿಸುವ ವ್ಯಾಯಾಮವನ್ನು ಮೊದಲ ದಿನದಿಂದಲೇ ಮಾಡಿ.

ನಿಮ್ಮಲ್ಲಿ ನನ್ನ ವಿನಂತಿ

ಬಾಯಿ ಕ್ಯಾನ್ಸರ್ ಇಂದು ಭಾರತದ ಗಂಡಸರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕ್ಯಾನ್ಸರ್. ಅಡಿಕೆಯಿಂದಲೂ ಕ್ಯಾನ್ಸರ್ ಬರುತ್ತದೆಂದು ಪರಿಣತರು ಹೇಳಿದ್ದಾರೆ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಆದರೆ ಚಟವನ್ನು ಮನೆಯಿಂದ ಹೊರಗೆ ಹಾಕುವ ಕೆಲಸ ನಮ್ಮದೇ.

ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆ ಆರಂಭವಾದದ್ದು 1973ರಲ್ಲಿ. ಆ ಕಾಲದಲ್ಲಿ ಕ್ಯಾನ್ಸರ್ ಎಂದರೆ ಸಾವು ಎಂದೇ ಜನ ತಿಳಿದಿದ್ದರು. ಇಂದು ಬೇಗ ತೋರಿಸಿದವರಲ್ಲಿ ಎಷ್ಟೋ ಮಂದಿ ಗುಣವಾಗಿ ಮನೆಗೆ ಮರಳುತ್ತಾರೆ. ಮರಳಿದ ಮೇಲೆ ಅವರು ಉಣ್ಣಬೇಕು, ಮಾತನಾಡಬೇಕು, ನಗಬೇಕು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ನಮ್ಮ ರೋಗಿಯ ಪಾಲಿಗೆ ನಿಜವಾಗಬಾರದು.

ಆದ್ದರಿಂದ ಮೂರು ಮಾತು ನೆನಪಿಡಿ. ಚಿಕಿತ್ಸೆ ಗೊತ್ತಾದ ದಿನವೇ, ಹಲ್ಲು ತೋರಿಸಬೇಕೇ ಎಂದು ವೈದ್ಯರನ್ನು ನೀವಾಗಿಯೇ ಕೇಳಿ. ಆದರೆ ಹಲ್ಲಿನ ನೆಪದಲ್ಲಿ ಚಿಕಿತ್ಸೆಯನ್ನು ಮುಂದೂಡಬೇಡಿ. ಚಿಕಿತ್ಸೆ ಮುಗಿದು ಎಷ್ಟೇ ವರ್ಷವಾಗಿರಲಿ, ಹಲ್ಲಿನ ಕುರ್ಚಿಯ ಮೇಲೆ ಕೂರುವ ಮೊದಲು ಹಳೆಯ ಫೈಲನ್ನು ತೋರಿಸಿ. ಕೀಳುವ ಬದಲು ಬೇರಿನ ಚಿಕಿತ್ಸೆ ಮಾಡಿ ಹಲ್ಲು ಉಳಿಸಬಹುದೇ ಎಂದು ಅವರು ಯೋಚಿಸುತ್ತಾರೆ. ಮೂರನೆಯದು, ಮನೆಯಲ್ಲಿ ಓದಬಲ್ಲ ಮಗಳೋ ಮಗನೋ ಇದ್ದರೆ ಆಸ್ಪತ್ರೆಯ ಪ್ರತಿಯೊಂದು ಚೀಟಿಯನ್ನೂ ಗಟ್ಟಿಯಾಗಿ ಓದಿಸಿ, ಅರ್ಥ ಕೇಳಿ.

ವಿದ್ಯೆ ಬೇಕು ಎಂದು ಈ ವೇದಿಕೆಯಿಂದ ಪ್ರತಿ ವರ್ಷವೂ ಹೇಳುತ್ತೇವೆ. ನನಗೆ ವಿದ್ಯೆ ಇತ್ತು. ಚೀಟಿಯಲ್ಲಿ ಬರೆದದ್ದನ್ನು ಮಾಡಲಿಲ್ಲ. ನೀವು ಹಾಗೆ ಮಾಡಬೇಡಿ.