ಮೆಚ್ಚುಗೆಯ ಮುಯ್ಯಿ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಈ ವೇದಿಕೆಯಿಂದ ನಾಡುನುಡಿಯ ಹಿರಿಮೆಯನ್ನೋ ವಿದ್ಯೆಯ ಮಹಿಮೆಯನ್ನೋ ಕುರಿತು ಮಾತನಾಡುವುದು ವಾಡಿಕೆ. ನಾವು ಈ ಹೊತ್ತು ಆರಿಸಿಕೊಂಡಿರುವ ವಿಷಯವಾದರೋ ಮೊಬೈಲಿನ ಆಟಕ್ಕೆ ಸೇರಿದ್ದು. ಹಿರಿಯರು ಹುಬ್ಬೇರಿಸಬಹುದು. ಸ್ವಲ್ಪ ತಾಳಿಕೊಂಡು ಆಲಿಸಿದರೆ ಈ ವಿಷಯಕ್ಕೂ ನಮ್ಮ ಸಂಘಕ್ಕೂ ಇರುವ ನಂಟು ತಾನಾಗಿಯೇ ತಿಳಿದೀತು.

ಹೊಸೂರಿನ ಬಸ್ ನಿಲ್ದಾಣವನ್ನು ಕಾಣದವರು ಈ ಸಭೆಯಲ್ಲಿ ಇರಲಾರರು. ಕರ್ನಾಟಕದ ಬಸ್ಸುಗಳೂ ತಮಿಳುನಾಡಿನ ಬಸ್ಸುಗಳೂ ಅಲ್ಲಿ ಅಕ್ಕಪಕ್ಕದಲ್ಲಿ ಬಂದು ನಿಲ್ಲುತ್ತವೆ. 1980ರಲ್ಲಿ ಅಶೋಕ್ ಲೇಲ್ಯಾಂಡ್ ಕಾರ್ಖಾನೆ ಇಲ್ಲಿ ನೆಲೆಗೊಂಡಂದಿನಿಂದ ಲಾರಿ ಬಸ್ಸುಗಳ ಮಾತು ಎಷ್ಟೋ ಮನೆಗಳ ಊಟದ ಹೊತ್ತಿನ ಮಾತಾಗಿದೆ. ಹೀಗಿರಲು ಇಲ್ಲಿನ ಹುಡುಗರಿಗೆ ಬಸ್ಸಿನ ಹುಚ್ಚು ಹಿಡಿದರೆ ಆಶ್ಚರ್ಯವೇನು?

2017ರಲ್ಲಿ ಇಂಡೊನೇಷ್ಯದ ಮಾಲಿಯೊ ಎಂಬ ಸಂಸ್ಥೆ 'ಬಸ್ ಸಿಮ್ಯುಲೇಟರ್ ಇಂಡೊನೇಷ್ಯ' ಎಂಬ ಆಟವನ್ನು ಹೊರತಂದಿತು. ಆ ದೇಶದ ರಸ್ತೆಗಳಲ್ಲಿ ಬಸ್ಸು ನಡೆಸುವುದೇ ಆಟ. ಆಡುವವನು ಬಸ್ಸಿನ ಬಣ್ಣ ಬರಹಗಳನ್ನು ತನ್ನ ಇಚ್ಛೆಯಂತೆ ಬದಲಿಸಬಹುದು. ಬಲ್ಲವನಾದರೆ ಬಸ್ಸನ್ನೇ ಹೊಸದಾಗಿ ರಚಿಸಿ ಆಟದೊಳಗೆ ಸೇರಿಸಬಹುದು. ಇಂಥ ಮಾರ್ಪಾಡಿಗೆ 'ಮಾಡ್' ಎಂದು ಹೆಸರು. ಅದು ಇಂಗ್ಲಿಷಿನ ಮಾತೇ ಆದರೂ ನಮ್ಮ ಕಿವಿಗೆ 'ಮಾಡು' ಎಂದೇ ಕೇಳಿಸುವುದು ಶುಭಲಕ್ಷಣ! ಕರ್ನಾಟಕ, ತಮಿಳುನಾಡು, ಕೇರಳಗಳ ಹವ್ಯಾಸಿಗಳು ತಮ್ಮ ತಮ್ಮ ನಾಡಿನ ಬಸ್ಸುಗಳನ್ನು ಹೀಗೆ ರಚಿಸಿ ಹಂಚುತ್ತಿದ್ದಾರೆ. ನಮ್ಮ ಕೆಂಪು ಬಸ್ಸೂ ಐರಾವತವೂ ಇಂಡೊನೇಷ್ಯದ ರಸ್ತೆಗಳಲ್ಲಿ ಓಡುತ್ತಿವೆ.

ನಮ್ಮ ಶಾಲೆಯಲ್ಲಿ ಓದಿ, ಈಗ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿರುವ ತರುಣನೊಬ್ಬ ಈ ಕೆಲಸದಲ್ಲಿ ತೊಡಗಿರುವುದು ನಮಗೆ ಈಚೆಗೆ ತಿಳಿಯಿತು. ನಿಲ್ದಾಣದಲ್ಲಿ ನಿಂತು ಬಸ್ಸಿನ ನಾಲ್ಕು ಕಡೆಯ ಚಿತ್ರ ತೆಗೆಯುವುದು, ಕಿಟಕಿ ಬಾಗಿಲುಗಳ ಅಳತೆಯನ್ನು ಹೊಂದಿಸುವುದು, ಫಲಕದ ಅಕ್ಷರಗಳನ್ನು ಬಿಡಿಸುವುದು, ಹೀಗೆ ಒಂದು ಬಸ್ಸಿಗೆ ಅವನ ಎಷ್ಟೋ ರಾತ್ರಿಗಳು ಸಲ್ಲುತ್ತವೆ. ಮುಗಿದ ಮೇಲೆ ಒಂದು ಕಾಸನ್ನೂ ಕೇಳದೆ ಎಲ್ಲರಿಗೂ ಹಂಚಿಬಿಡುತ್ತಾನೆ.

"ಇದರಿಂದ ನಿನಗೇನಪ್ಪ ಸಿಕ್ಕುತ್ತದೆ?" ಎಂದು ಕೇಳಿದೆವು.

"ಲೈಕು ಸಿಕ್ಕುತ್ತದೆ ಸಾರ್" ಎಂದು ನಕ್ಕನು.

ಲೈಕು ಎಂದರೆ ಮೆಚ್ಚಿದ್ದಕ್ಕೆ ಒತ್ತುವ ಹೆಬ್ಬೆಟ್ಟಿನ ಗುರುತು. ಹಿಂದೆ ಓದು ಬಾರದವರು ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದರು; ಈಗ ಓದು ಬಲ್ಲವರೂ ಓದದೆಯೇ ಒತ್ತುವುದುಂಟು. ಮೊದಲ ಹತ್ತು ಲೈಕುಗಳು ಬಂದ ದಿನ ಅವನಿಗೆ ನಿದ್ದೆ ಹತ್ತಲಿಲ್ಲವಂತೆ. ಆಮೇಲೆ ನೂರು ಬಂದರೂ ಆ ಸಂತೋಷ ಮರುಕಳಿಸಲಿಲ್ಲ. ಇಳಿಸಿಕೊಂಡವರು ಬಹುಮಂದಿ, ಗುರುತು ಒತ್ತಿದವರು ಕೆಲವರು, ಬಾಯಿಬಿಟ್ಟು ಒಂದು ಮಾತು ಹೇಳಿದವರು ಬೆರಳೆಣಿಕೆಯವರು. ಅವರಲ್ಲಿಯೂ ಹೆಚ್ಚಿನವರು ಕೇಳುವುದು, ಮುಂದಿನ ಬಸ್ಸು ಯಾವಾಗ ಎಂದು.

ಆದರೆ ಒಂದು ದಿನ ಗುರುತುಪರಿಚಯವಿಲ್ಲದ ಒಬ್ಬರು ಹೀಗೆ ಬರೆದರಂತೆ: ಬಸ್ಸು ಸೊಗಸಾಗಿದೆ, ಫಲಕದಲ್ಲಿ 'ಹೊಸೂರು' ಎಂಬಲ್ಲಿ ಸಕಾರದ ದೀರ್ಘ ಬಿಟ್ಟುಹೋಗಿದೆ. ಆ ತರುಣ ಅಂದೇ ರಾತ್ರಿ ತಿದ್ದಿದನು. "ಸಾರ್, ನೂರು ಲೈಕಿಗಿಂತ ಆ ತಪ್ಪು ತೋರಿಸಿದ್ದೇ ನನಗೆ ಹೆಚ್ಚಾಯಿತು. ಅಷ್ಟು ಚಿಕ್ಕ ಅಕ್ಷರವನ್ನೂ ಒಬ್ಬರು ಓದಿದ್ದಾರಲ್ಲ!" ಎಂದನು.

ಮಹನೀಯರೇ, ನಮ್ಮ ಇಂದಿನ ಮಾತಿನ ತಿರುಳೆಲ್ಲ ಇಷ್ಟರಲ್ಲಿಯೇ ಅಡಗಿದೆ. ಪ್ರತಿಫಲವನ್ನು ಬಯಸದೆ ದುಡಿಯುವವನು ಹೊಗಳಿಕೆಗೆ ಹಸಿದವನೆಂದು ತಿಳಿಯುವುದು ತಪ್ಪು. ತಾನು ಮಾಡಿದ್ದನ್ನು ಮತ್ತೊಬ್ಬರು ಕಣ್ಣಿಟ್ಟು ನೋಡಿದರು ಎಂಬ ಒಂದು ಸಾಕ್ಷ್ಯ ಅವನಿಗೆ ಬೇಕು. ಸಂಖ್ಯೆ ಆ ಸಾಕ್ಷ್ಯವನ್ನು ಕೊಡಲಾರದು. ಅರಿತು ಆಡಿದ ಒಂದು ಮಾತು ಕೊಡಬಲ್ಲದು.

ಹಾಗಾದರೆ ಬೆಲೆಯನ್ನೇ ಕಟ್ಟಿಬಿಡಬಾರದೇಕೆ ಎಂದು ಕೆಲವರು ಕೇಳಬಹುದು. ಆ ಪ್ರಯೋಗವೂ ನಡೆದಿದೆ. 2015ರ ಏಪ್ರಿಲಿನಲ್ಲಿ ಅಮೆರಿಕದ ವಾಲ್ವ್ ಸಂಸ್ಥೆ 'ಸ್ಕೈರಿಮ್' ಎಂಬ ಆಟದ ಮಾಡ್‌ಗಳನ್ನು ಹಣಕ್ಕೆ ಮಾರುವ ಏರ್ಪಾಡು ಮಾಡಿತು. ಮಾರಾಟದಲ್ಲಿ ರಚಿಸಿದವನ ಪಾಲು ನೂರಕ್ಕೆ 25. ಅದುವರೆಗೆ ಉಚಿತವಾಗಿ ಪಡೆಯುತ್ತಿದ್ದವರು ಎಬ್ಬಿಸಿದ ಗದ್ದಲಕ್ಕೆ ಮಣಿದು ಸಂಸ್ಥೆಯು ಕೆಲವೇ ದಿನಗಳಲ್ಲಿ ಆ ಏರ್ಪಾಡನ್ನು ಕೈಬಿಟ್ಟು, ಕೊಂಡವರಿಗೆ ಹಣವನ್ನು ಹಿಂದಿರುಗಿಸಬೇಕಾಯಿತು. ಹಣ ಪಡೆಯುವುದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಹಣ ಕೊಡೆವು ಎಂದವರ ಮೇಲೆ ಮಾತಿನ ಋಣವಾದರೂ ಉಳಿಯುತ್ತದಲ್ಲವೆ?

ಈ ತರುಣರಿಗೆ ಮತ್ತೊಂದು ನೋವೂ ಉಂಟು. ಒಬ್ಬನು ಕಷ್ಟಪಟ್ಟು ರಚಿಸಿದ ಬಸ್ಸನ್ನು ಇನ್ನೊಬ್ಬನು ಎತ್ತಿಕೊಂಡು, ರಚಿಸಿದವನ ಹೆಸರನ್ನು ಅಳಿಸಿ, ತನ್ನದೆಂದು ಹಂಚಿ ಲೈಕು ಗಿಟ್ಟಿಸುತ್ತಾನೆ. ಮೊದಲಿನವನು ಕಾಸೇನೂ ಕಳೆದುಕೊಂಡಿಲ್ಲ. ಆದರೂ ಅವನ ಕರುಳು ಕಿವುಚುತ್ತದೆ. ಅವನಿಗಿದ್ದ ಏಕೈಕ ಸಂಬಳವೇ ಆ ಹೆಸರು.

ರಚಿಸುವವನೂ ಎಚ್ಚರದಿಂದಿರಬೇಕು. ಲೈಕಿನ ಲೆಕ್ಕವನ್ನೇ ನಂಬಿದರೆ ಕೈ ಆ ಲೆಕ್ಕ ಎಳೆದತ್ತ ಹೋಗುತ್ತದೆ. ಥಳಥಳಿಸುವ ದೀಪ ಹಚ್ಚಿದ ಪ್ರವಾಸಿ ಬಸ್ಸಿಗೆ ಗಿರಾಕಿಗಳು ಹೆಚ್ಚು. ನಮ್ಮ ತರುಣನು ತಾನು ಬಾಲ್ಯದಲ್ಲಿ ಶಾಲೆಗೆ ಬರುತ್ತಿದ್ದ ಸಾಧಾರಣ ಟೌನ್ ಬಸ್ಸನ್ನೂ ರಚಿಸಿದ್ದಾನೆ. ಅದನ್ನು ಕೇಳಿದವರು ಬಹಳ ಕಡಿಮೆ. "ನನಗೆ ಇಷ್ಟವಾದ್ದು ಅದೇ ಸಾರ್" ಎಂದು ಅವನು ಹೇಳಿದಾಗ ನಮಗೆ ಸಮಾಧಾನವಾಯಿತು. ಮೆಚ್ಚುಗೆ ಬಂದರೆ ಹಿಗ್ಗಬೇಕು. ಬಾರದಿದ್ದರೂ ಕೈ ನಿಲ್ಲಬಾರದು.

ಮದುವೆಮನೆಯಲ್ಲಿ ಮುಯ್ಯಿ ಮಾಡುವ ಪದ್ಧತಿ ನಮ್ಮಲ್ಲಿದೆ. ಅಲ್ಲಿ ಮೊತ್ತಕ್ಕಿಂತ, ಯಾರು ನೆನೆದು ಬಂದರು ಎಂಬುದೇ ದೊಡ್ಡದು. ಮೆಚ್ಚುಗೆಯೂ ಅಂಥದೊಂದು ಮುಯ್ಯಿ. ಪಡೆದವನು ರಚಿಸಿದವನ ಹೆಸರನ್ನು ಉಳಿಸಲಿ. ಯಾವುದು ಹಿಡಿಸಿತೆಂಬುದನ್ನು ಬಿಡಿಸಿ ಹೇಳಲಿ. ತಪ್ಪಿದ್ದರೆ ಮೃದುವಾಗಿ ತೋರಿಸಲಿ.

ಈಗ ನಮ್ಮ ಸಂಘದ ಕಡೆಗೆ ತಿರುಗೋಣ. ನಿವೃತ್ತರಾದ ಮೇಲೂ ಸಂಜೆ ಬಂದು ಮಕ್ಕಳಿಗೆ ವ್ಯಾಕರಣ ಕಲಿಸುವ ಉಪಾಧ್ಯಾಯರು, ರಜಾದಿನದಲ್ಲಿ ಬಂದು ಬೆಂಚುಗಳ ಮುರಿದ ಕಾಲನ್ನು ಸರಿಪಡಿಸುವ ಬಡಗಿ, ಪುಸ್ತಕಗಳಿಗೆ ರಟ್ಟು ಹಾಕಿಕೊಡುವ ತಾಯಿ, ಇವರೆಲ್ಲ ಎಲೆಮರೆಯ ಕಾಯಿಗಳು. ವರದಿಯ ಕೊನೆಯಲ್ಲಿ 'ಸಹಕರಿಸಿದ ಎಲ್ಲರಿಗೂ ವಂದನೆಗಳು' ಎಂಬ ಒಂದು ಸಾಲನ್ನು ಪ್ರತಿವರ್ಷವೂ ಅಚ್ಚುಹಾಕಿಸುತ್ತೇವೆ. ನಿಜ ನುಡಿಯಬೇಕಾದರೆ ಅದೂ ನಾವು ಒತ್ತಿದ ಹೆಬ್ಬೆಟ್ಟೇ! ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಗಡಿಯ ಈ ಕಡೆ ಕನ್ನಡದಲ್ಲಿ ಓದುವ ಮಕ್ಕಳು ಬರೆದದ್ದನ್ನು, ಬಿಡಿಸಿದ್ದನ್ನು ನೋಡುವ ಕಣ್ಣುಗಳು ಮೊದಲೇ ಕಡಿಮೆ. ಅವರಿಗೆ ಚಪ್ಪಾಳೆಯೊಂದೇ ಸಾಲದು. ಅವರ ಅಕ್ಷರದ ದೀರ್ಘವನ್ನು ಗಮನಿಸುವ ಓದುಗರು ಬೇಕು. ಈ ಸಭೆ ಮುಗಿದು ಮನೆಗೆ ತೆರಳುವ ಮುನ್ನ, ಪಕ್ಕದ ಕೊಠಡಿಯಲ್ಲಿ ಮಕ್ಕಳು ಇರಿಸಿರುವ ಕೈಬರಹದ ಪತ್ರಿಕೆಯನ್ನು ತಾವೆಲ್ಲರೂ ತೆರೆದು ನೋಡಿ, ಒಬ್ಬ ಮಗುವಿನೊಡನಾದರೂ ಅದನ್ನು ಕುರಿತು ಒಂದು ಮಾತನ್ನಾಡಬೇಕೆಂದು ಬೇಡಿಕೊಂಡು, ನಮ್ಮ ಭಾಷಣವನ್ನು ಮುಗಿಸುತ್ತೇವೆ.