ಕೀಲುವಾತ ಇದ್ದವರ ಎಲುಬಿಗೆ ಬಿಸಿಲು ಬೇಕು



ನಮ್ಮ ಬಳ್ಳಾರಿಯಲ್ಲಿ ಬಿಸಿಲಿಗೆ ಬರವಿಲ್ಲ. ಆದರೆ ಆ ಬಿಸಿಲು ನಮ್ಮ ಮೈಗೆ ಬೀಳುತ್ತದೆಯೇ? ಸಿರುಗುಪ್ಪದ ಗದ್ದೆಯಲ್ಲಿ ನಾಟಿ ಹಚ್ಚುವವರಿಗೆ ಬೀಳುತ್ತದೆ. ಒಳಗೆ ಕೂತು ಜೀನ್ಸ್ ಹೊಲಿಯುವವರಿಗೆ ಬೀಳುವುದಿಲ್ಲ. ಕೀಲು ನೋವಿನಿಂದ ಮನೆ ಹಿಡಿದವರಿಗಂತೂ ಇಲ್ಲವೇ ಇಲ್ಲ. ಇವತ್ತು ಅವರ ಮಾತು ಆಡೋಣ.

ಮುಂಜಾನೆ ಎದ್ದಾಗ ಎರಡೂ ಕೈಯ ಬೆರಳು ಬಿಗಿದಿರುತ್ತವೆ. ಮುಷ್ಟಿ ಕಟ್ಟಲು ಬರೋದಿಲ್ಲ. ತಾಸು ಕಳೆದರೂ ಸಡಿಲ ಆಗೋದಿಲ್ಲ. ಕೀಲು ಊದುತ್ತದೆ. ಇದು ರುಮಟಾಯ್ಡ್ ಕೀಲುವಾತ ಇರಬಹುದು. ಮೈ ಕಾಯುವ ಶಕ್ತಿಯೇ ದಾರಿ ತಪ್ಪಿ ನಮ್ಮ ಕೀಲಿನ ಮೇಲೆ ಬೀಳುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಇದು ಎರಡು ಮೂರು ಪಟ್ಟು ಹೆಚ್ಚು. ಇದು ಯಾರ ಶಾಪವೂ ಅಲ್ಲ. ಅಂಟುರೋಗವೂ ಅಲ್ಲ.

ಈ ರೋಗ ಕೀಲಿಗೆ ನಿಲ್ಲೋದಿಲ್ಲ. ಎಲುಬನ್ನೂ ಸವೆಸುತ್ತದೆ. ಊತ ಒಂದು ಕಾರಣ. ಓಡಾಟ ಕಡಿಮೆಯಾಗುವುದು ಎರಡನೆಯದು. ಸ್ಟೆರಾಯ್ಡ್ ಗುಳಿಗೆ ಮೂರನೆಯದು. 1948ರಲ್ಲಿ ಅಮೆರಿಕದ ಡಾಕ್ಟರ್ ಹೆಂಚ್ ಈ ಔಷಧವನ್ನು ಒಬ್ಬ ಹೆಣ್ಣುಮಗಳಿಗೆ ಕೊಟ್ಟರು. ಹಾಸಿಗೆ ಹಿಡಿದವಳು ಕೆಲವೇ ದಿನದಲ್ಲಿ ಎದ್ದು ನಡೆದಳು. ಬಹಳ ದಿನ ತಿಂದರೆ ಎಲುಬು ಟೊಳ್ಳಾಗುತ್ತದೆ ಎಂಬುದು ಆಮೇಲೆ ತಿಳಿಯಿತು. ಹಾಗಂತ ಗುಳಿಗೆಯನ್ನು ಒಮ್ಮೆಗೇ ಬಿಡಬಾರದು. ಡಾಕ್ಟರು ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಸಂತೆಯಲ್ಲಿ ಮಾರುವ ಹೆಸರಿಲ್ಲದ ನೋವಿನ ಪುಡಿಯಲ್ಲೂ ಸ್ಟೆರಾಯ್ಡ್ ಬೆರೆತಿರಬಹುದು. ಅದು ಬೇಡ.

ಎಲುಬಿಗೆ ಸುಣ್ಣದಂಶ ಬೇಕು. ಅದನ್ನೇ ಕ್ಯಾಲ್ಸಿಯಂ ಅಂತಾರೆ. ಉಂಡ ಸುಣ್ಣದಂಶ ಮೈಗೆ ಹತ್ತಲು ಡಿ ಜೀವಸತ್ವ ಬೇಕು. ಅದನ್ನು ಬಿಸಿಲಿನಲ್ಲಿ ನಮ್ಮ ಚರ್ಮವೇ ತಯಾರಿಸುತ್ತದೆ. ಎಳೆಬಿಸಿಲಿನಲ್ಲಿ ಕಡಿಮೆ. ನಮ್ಮ ನೆರಳು ನಮಗಿಂತ ಗಿಡ್ಡ ಇದ್ದಾಗ ಚೆನ್ನಾಗಿ ಆಗುತ್ತದೆ. ಮುಖ, ತೋಳು ತೆರೆದು ಸ್ವಲ್ಪ ಹೊತ್ತು ಅಂಗಳದಲ್ಲಿ ಕೂರೋಣ. ಗಾಜಿನ ಕಿಟಕಿಯ ಹಿಂದೆ ಕೂತರೆ ಉಪಯೋಗವಿಲ್ಲ. ಬೇಸಿಗೆಯ ನಡುಹಗಲು ಬೇಡ. ಚರ್ಮ ಉರಿದು ಕೆಂಪಾದರೆ ಡಾಕ್ಟರಿಗೆ ಹೇಳೋಣ.

ಜೋಳದ ರೊಟ್ಟಿ ನಮ್ಮ ಬಲ. ಆದರೆ 100 ಗ್ರಾಂ ಜೋಳದಲ್ಲಿ ಸುಣ್ಣದಂಶ 30 ಮಿಲಿಗ್ರಾಂಗಿಂತ ಕಡಿಮೆ. ಅಷ್ಟೇ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ. ವಾರದಲ್ಲಿ ಕೆಲವು ದಿನ ರಾಗಿ ಅಂಬಲಿ ಮಾಡೋಣ. ಮೊಸರು, ನುಗ್ಗೆಸೊಪ್ಪು, ಎಳ್ಳಿನ ಚಟ್ನಿಯೂ ಇರಲಿ. ಗಂಡ ಮಕ್ಕಳಿಗೆ ಬಡಿಸಿ ಉಳಿದದ್ದಲ್ಲ, ನಮ್ಮ ಪಾಲು ನಮಗೆ.

ಡಿ ಜೀವಸತ್ವ ಕೀಲುವಾತವನ್ನು ವಾಸಿ ಮಾಡೋದಿಲ್ಲ. ಎಲುಬನ್ನು ಕಾಯುತ್ತದೆ, ಅಷ್ಟೇ. ಕೀಲುವಾತದ ಔಷಧ ಬೇರೆ, ಅದನ್ನು ಬಿಡಬಾರದು. ಕಂಟೋನ್ಮೆಂಟಿನಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ದೊಡ್ಡ ಆಸ್ಪತ್ರೆ ಇದೆ. ಸಿರುಗುಪ್ಪ, ಕುರುಗೋಡಿನವರೂ ಅಲ್ಲಿ ತೋರಿಸಬಹುದು.

ಕೊನೆಗೆ ಒಂದು ಮುಖ್ಯ ಮಾತು. ಡಿ ಜೀವಸತ್ವದ ಗುಳಿಗೆಯ ಮೇಲೆ 60,000 ಎಂದು ಅಂಕಿ ಇದ್ದರೆ ಅದು ದಿನಾ ತಿನ್ನುವುದಲ್ಲ. ಸಾಮಾನ್ಯವಾಗಿ ವಾರಕ್ಕೆ ಒಂದು. ಹೆಚ್ಚು ತಿಂದರೆ ಮೂತ್ರಪಿಂಡ ಕೆಡುತ್ತದೆ. ಕೀಲುವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಕೂಡ ವಾರಕ್ಕೆ ಒಂದೇ ದಿನ. ದಿನಾ ತಿಂದರೆ ಜೀವಕ್ಕೇ ಅಪಾಯ. ಯಾವ ವಾರ ಎಂದು ಡಾಕ್ಟರನ್ನು ಕೇಳೋಣ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ನಮ್ಮ ಕೈಯಿಂದಲೇ ಗುರುತು ಹಾಕೋಣ. ಈಗ ನಮಗೆ ಅಂಕಿ ಬರುತ್ತದೆ, ಅಕ್ಷರವೂ ಬರುತ್ತದೆ.